ಗೃಹಾಲಂಕಾರವು ಯಾರಿಗಾಗಿ?

ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಮೊದಲಾಗುವುದು. ಅಟ್ಟದ ಮೇಲಣ ಗೊಂಬೆಗಳ ಪೆಟ್ಟಿಗೆಯು ಕೆಳಗಿಳಿಯುವುದು. ವರ್ಷವೆಲ್ಲ ಯಾರ ಕಣ್ಣಿಗೂ ಬೀಳದಿದ್ದ ಗೋಡೆಯ ಕಲೆಗಳು ಈಗ ಎದ್ದು ಕಾಣುವುವು. ಹಳೆಯ ಪರದೆಗಳನ್ನು ಬದಲಾಯಿಸಬೇಕೋ ಬೇಡವೋ ಎಂಬ ಚರ್ಚೆಯು ರಾತ್ರಿಯ ಊಟ ಮುಗಿದ ಮೇಲೂ ಮುಗಿಯದು. ಇಂತಹ ಸಮಯದಲ್ಲಿ ವಾಚಕ ಸೋದರಿಯರೊಬ್ಬರು ನಮಗೆ ಕಾಗದ ಬರೆದು, "ಸ್ವಲ್ಪ ವೆಚ್ಚದಲ್ಲಿಯೇ ಮನೆಯ ಒಂದೊಂದು ಕೊಠಡಿಯನ್ನೂ ಅಂದಗೊಳಿಸುವ ಬಗೆ ಯಾವುದು? ಮೊದಲು ಯಾವ ಕೊಠಡಿಗೆ ಕೈಹಚ್ಚಬೇಕು?" ಎಂದು ಕೇಳಿದ್ದಾರೆ. ಇವೆರಡು ಪ್ರಶ್ನೆಗಳಲ್ಲಿ ಎರಡನೆಯದೇ ಹೆಚ್ಚು ತೂಕವುಳ್ಳದ್ದೆಂದು ನಮಗೆ ತೋರುವುದರಿಂದ, ಈ ತಿಂಗಳ ಲೇಖನವನ್ನು ಅಲ್ಲಿಂದಲೇ ಆರಂಭಿಸುತ್ತೇವೆ.

ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವು ಕೇಳುವುದಕ್ಕೆ ಮೊದಲೇ ಸಿದ್ಧವಾಗಿರುವುದು. ಕೈಯಲ್ಲಿರುವ ಹಣವೆಲ್ಲವೂ ಹಜಾರಕ್ಕೆ ಸಲ್ಲುವುದು. ಒಳ್ಳೆಯ ಕುರ್ಚಿಗಳು ಅಲ್ಲಿ, ಒಳ್ಳೆಯ ದೀಪಗಳು ಅಲ್ಲಿ, ಗಾಳಿ ಬರುವ ಕಿಟಕಿಯೂ ಅಲ್ಲಿ. ಅಲ್ಲಿಂದ ಒಳಕ್ಕೆ ಹೋದಂತೆಲ್ಲ ಬಣ್ಣವು ಮಾಸುತ್ತ, ಬೆಳಕು ಕುಗ್ಗುತ್ತ ಬಂದು, ಅಡುಗೆಯ ಮನೆಯನ್ನು ಮುಟ್ಟುವ ಹೊತ್ತಿಗೆ ಮಸಿ ಹಿಡಿದ ಗೋಡೆಯೂ ಒಂದು ಮಂಕು ದೀಪವೂ ಮಾತ್ರ ಉಳಿದಿರುವುವು. ತಿಂಗಳಿಗೆ ಒಂದೆರಡು ಬಾರಿ ಬರುವ ನೆಂಟರಿಗೆ ಮನೆಯ ಉತ್ತಮ ಭಾಗವು ಮೀಸಲು. ದಿನದ ಐದಾರು ಗಂಟೆಗಳನ್ನು ಒಲೆಯ ಮುಂದೆ ಕಳೆಯುವವರಿಗೆ ಮಿಕ್ಕುಳಿದುದು. ಅತಿಥಿಸತ್ಕಾರವು ಗೃಹಸ್ಥಧರ್ಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅತಿಥಿಯು ಒಂದು ಗಂಟೆ ಕುಳಿತು ಎದ್ದು ಹೋಗುವನು. ಮನೆಯವರು ಅದೇ ಗೋಡೆಗಳ ನಡುವೆ ಹುಟ್ಟಿ, ಬೆಳೆದು, ದುಡಿದು, ಮುಪ್ಪಾಗುವರು. ಆದುದರಿಂದ, ಯಾವ ಕೊಠಡಿಯಲ್ಲಿ ಮನೆಯವರು ಹೆಚ್ಚು ಹೊತ್ತನ್ನು ಕಳೆಯುವರೋ, ಯಾವುದರಲ್ಲಿ ಹೆಚ್ಚು ಕಷ್ಟಪಡುವರೋ, ಅದಕ್ಕೇ ಮೊದಲು ಕೈಹಚ್ಚತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಬೆಳಕು ಮತ್ತು ಗೋಡೆ

ಅಲಂಕಾರದ ಸಾಮಗ್ರಿಗಳಲ್ಲಿ ಮೊದಲನೆಯದೂ ಅಗ್ಗವಾದುದೂ ಬೆಳಕು. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ತೊಟ್ಟಿಯ ಮನೆಯ ನಡುವಣ ಅಂಗಳವು ಸುತ್ತಲಿನ ಪಡಸಾಲೆಗಳಿಗೆಲ್ಲ ಬೆಳಕನ್ನೂ ಗಾಳಿಯನ್ನೂ ಹಂಚುತ್ತಿತ್ತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹಂಚು ನಾಡಿನಲ್ಲೆಲ್ಲ ಹರಡಿತಷ್ಟೆ. ಅಂತಹ ಮಾಡುಗಳಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹಂಚನ್ನು ಕೂಡಿಸುವ ಪದ್ಧತಿಯುಂಟು. ಒಂದೇ ಒಂದು ಗಾಜಿನ ಹಂಚು ಕತ್ತಲೆಯ ಕೋಣೆಯನ್ನು ಹಗಲೆಲ್ಲ ದೀಪವಿಲ್ಲದೆ ಬೆಳಗಬಲ್ಲುದು. ಹಂಚಿನ ಮನೆಯುಳ್ಳವರು ಇಂದಿಗೂ ಈ ಉಪಾಯವನ್ನು ಮರೆಯಬಾರದು.

ಪಟ್ಟಣಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರಿಗೆ ತೊಟ್ಟಿಯೂ ಇಲ್ಲ, ಹಂಚೂ ಇಲ್ಲ; ಆದರೆ ಗೋಡೆಗಳಿವೆ. ಬಿಳಿಯ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚು ಪಾಲನ್ನು ಕೊಠಡಿಗೆ ಹಿಂದಿರುಗಿಸುವುದು. ದಟ್ಟವಾದ ಬಣ್ಣವು ಅದನ್ನು ನುಂಗಿಬಿಡುವುದು. ಆದುದರಿಂದ ಕಿಟಕಿಗೆ ಎದುರಾದ ಗೋಡೆಗೆ ಬಿಳಿಯನ್ನೋ ತೆಳುವಾದ ಕೆನೆಬಣ್ಣವನ್ನೋ ಬಳಿಸಿರಿ. ಕಡುಬಣ್ಣದ ಮೇಲೆ ಆಸೆಯಿದ್ದರೆ, ಕಿಟಕಿಯಿರುವ ಗೋಡೆಗೇ ಬಳಿಸಬಹುದು. ಅದರಿಂದ ಬೆಳಕಿಗೆ ಹೆಚ್ಚು ನಷ್ಟವಾಗದು. ಸುಣ್ಣದ ನೀರಿಗೆ ಚಿಟಿಕೆ ನೀಲಿಯನ್ನು ಬೆರೆಸಿ ಗೋಡೆಯನ್ನು ಹಾಲಿನಂತೆ ಬೆಳಗಿಸುವ ಹಳೆಯ ಕ್ರಮವು ಈಗಲೂ ಹಳ್ಳಿಗಳಲ್ಲಿ ಉಳಿದಿದೆ. ಸುಣ್ಣವು ಗೋಡೆಯ ತೇವವನ್ನು ಹೊರಕ್ಕೆ ಹೋಗಗೊಡುವುದು, ಬೂಷ್ಟನ್ನು ತಡೆಯುವುದು, ಬೆಲೆಯೂ ಕಡಮೆ. ನೆಲದಿಂದ ಒಂದೆರಡು ಅಡಿಗಳ ಎತ್ತರದವರೆಗೆ ಕೆಮ್ಮಣ್ಣಿನ ಪಟ್ಟೆಯನ್ನು ಎಳೆಯುತ್ತಿದ್ದುದು ಬರಿಯ ಅಂದಕ್ಕಲ್ಲ. ನೆಲ ಸಾರಿಸುವಾಗಲೂ ಗುಡಿಸುವಾಗಲೂ ಬೀಳುವ ಕಲೆಗಳನ್ನು ಅದು ಮರೆಸುತ್ತಿತ್ತು.

ರಾತ್ರಿಯ ದೀಪದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಹಿಂದೆ ೬೦ ವ್ಯಾಟಿನ ತಂತಿಯ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಈಗ ಸುಮಾರು ೯ ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು. ಹೀಗಿರುವಾಗ ಒಳಗಿನ ಕೊಠಡಿಗಳಲ್ಲಿ ಬೆಳಕಿನ ವಿಷಯದಲ್ಲಿ ಜಿಪುಣತನ ತೋರಿಸುವುದಕ್ಕೆ ಕಾರಣವೇ ಉಳಿದಿಲ್ಲ. ನಡುಮಾಳಿಗೆಯಲ್ಲಿ ಒಂದೇ ಪ್ರಖರವಾದ ದೀಪವನ್ನು ತೂಗಹಾಕುವುದಕ್ಕಿಂತ, ಓದುವ ಕಡೆ ಒಂದು, ಹೊಲಿಯುವ ಕಡೆ ಒಂದು ಎಂದು ಕೆಲಸವಿರುವಲ್ಲಿ ಸಣ್ಣ ದೀಪಗಳನ್ನು ಇಡುವುದು ಕಣ್ಣಿಗೂ ಹಿತ, ನೋಟಕ್ಕೂ ಚೆಲುವು.

ಹಜಾರ

ಹಜಾರವನ್ನು ಅಂದಗೊಳಿಸುವ ಮೊದಲ ಉಪಾಯವು ಏನನ್ನೂ ಕೊಳ್ಳದಿರುವುದು. ಅಲ್ಲಿರುವ ವಸ್ತುಗಳಲ್ಲಿ ಅರ್ಧದಷ್ಟನ್ನು ಒಳಗಿಟ್ಟು ಒಂದು ವಾರ ನೋಡಿರಿ. ಯಾವುದನ್ನು ಯಾರೂ ಕೇಳಲಿಲ್ಲವೋ ಅದು ಅಲ್ಲಿ ಬೇಕಾಗಿರಲಿಲ್ಲವೆಂದು ತಿಳಿಯಿರಿ. ಗಾಜಿನ ಬೀರುವಿನಲ್ಲಿ ಬಹುಮಾನದ ಬಟ್ಟಲುಗಳು, ಪಿಂಗಾಣಿಯ ಬಾತುಕೋಳಿಗಳು, ಯಾತ್ರೆಯಲ್ಲಿ ಕೊಂಡ ಶಂಖಗಳು ಇವೆಲ್ಲವೂ ಒತ್ತೊತ್ತಾಗಿ ನಿಂತಿದ್ದರೆ ನೋಡುವವರ ಕಣ್ಣು ಯಾವುದರ ಮೇಲೂ ನಿಲ್ಲದು.

ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ತರುವಾಯ, ಅರಮನೆಗಳಲ್ಲಿ ಮಾತ್ರ ಇರುತ್ತಿದ್ದ ಲಕ್ಷ್ಮೀ ಸರಸ್ವತಿಯರ ಚಿತ್ರಗಳು ಸಾಮಾನ್ಯ ಗೃಹಸ್ಥರ ಮನೆಗಳಿಗೂ ಬಂದುವು. ನಮ್ಮ ಹಳೆಯ ಹಜಾರಗಳಲ್ಲಿ ಇವುಗಳನ್ನು ಮಾಳಿಗೆಗೆ ತಾಗುವಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ, ಸಾಲಾಗಿ ತೂಗಹಾಕುತ್ತಿದ್ದರು. ಪೂಜ್ಯವಾದುದು ಎತ್ತರದಲ್ಲಿರಬೇಕೆಂಬ ಭಾವನೆಯು ಸರಿಯೇ. ಆದರೆ ನೋಡುವುದಕ್ಕಾಗಿ ಇಟ್ಟ ಚಿತ್ರವು ಕಣ್ಣಿನ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕೂರುವ ಹಜಾರದಲ್ಲಿ ಒಂದು ಎತ್ತರ, ಜಮಖಾನದ ಮೇಲೆ ಕೂರುವ ಹಜಾರದಲ್ಲಿ ಅದಕ್ಕಿಂತ ಕೆಳಗೆ. ಹತ್ತು ಚಿತ್ರಗಳಿಗಿಂತ ಎರಡು ಸಾಕು. ಮಿಕ್ಕುವನ್ನು ಎತ್ತಿಟ್ಟು ಹಬ್ಬಹಬ್ಬಕ್ಕೂ ಬದಲಾಯಿಸಿದರೆ ಹಣವಿಲ್ಲದೆಯೇ ಮನೆಯು ಹೊಸದಾಗುವುದು.

ಅಲಂಕಾರದ ಸಾಮಾನುಗಳನ್ನು ಕೊಳ್ಳಲೇಬೇಕೆಂದಿದ್ದರೆ ದೂರದೇಶದ ಅಗ್ಗದ ಪ್ಲಾಸ್ಟಿಕ್ ಹೂವುಗಳನ್ನು ಬಿಟ್ಟು ನಮ್ಮ ನಾಡಿನ ಕೈಗೆಲಸದ ಕಡೆಗೆ ನೋಡಿರಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನೇಯುವ ಹತ್ತಿಯ ಜಮಖಾನಗಳಲ್ಲಿ ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳಿರುವುವು. ಅಂತಹ ಒಂದು ಜಮಖಾನವನ್ನು ಹಾಸಿದ ಹಜಾರಕ್ಕೆ ಬೇರೆ ಬಣ್ಣವೇ ಬೇಕಾಗದು. ಬೀದರಿನ ಬಿದರಿ ಪಾತ್ರೆಯು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದುದು. ಅದರ ಮೇಲೆ ಕೊರೆದು, ಬೆಳ್ಳಿಯನ್ನು ಕೂಡಿಸಿ, ಬೀದರಿನ ಕೋಟೆಯ ಮಣ್ಣಿಗೆ ನವಸಾಗರವನ್ನು ಸೇರಿಸಿ ತಿಕ್ಕಿದರೆ ಲೋಹವು ಕಪ್ಪಾಗಿ, ಬೆಳ್ಳಿಯು ಹಾಗೆಯೇ ಹೊಳೆಯುವುದು. ಆದುದರಿಂದ ಬಿದರಿಯನ್ನು ಬಿಳಿಯ ಗೋಡೆಯ ಮುಂದೆ ಒಂಟಿಯಾಗಿ ಇಡಬೇಕು. ಹುಣಿಸೆಯ ಹಣ್ಣನ್ನೋ ಬೂದಿಯನ್ನೋ ಹಾಕಿ ಉಜ್ಜಬಾರದು. ಮನೆಯಲ್ಲಿ ಕಸೂತಿಯನ್ನು ಬಲ್ಲವರಿದ್ದರೆ ಅವರ ಕೈಯ ಗವಂತಿ ಮುರ್ಗಿಗಳ ಹೊಲಿಗೆಯಲ್ಲಿ ಗೋಪುರವನ್ನೋ ತುಲಸೀಕಟ್ಟೆಯನ್ನೋ ಮೂಡಿಸಿದ ಒಂದು ದಿಂಬಿನ ಹೊದಿಕೆಯು ಅಂಗಡಿಯ ಹತ್ತು ದಿಂಬುಗಳಿಗೆ ಸಮ.

ಅಡುಗೆಯ ಮನೆ

ಅಡುಗೆಯ ಮನೆಗೂ ಅಲಂಕಾರಕ್ಕೂ ಏನು ಸಂಬಂಧವೆಂದು ಕೆಲವರು ನಗಬಹುದು. ಅಂತಹವರು ಬೇಸಗೆಯ ಒಂದು ಮಧ್ಯಾಹ್ನ ಅಲ್ಲಿ ನಿಂತು ನಾಲ್ಕು ಜನಕ್ಕೆ ರೊಟ್ಟಿ ಬೇಯಿಸಿದರೆ ಅವರ ನಗುವು ತಾನಾಗಿಯೇ ನಿಲ್ಲುವುದು.

೧೯೨೬ರಲ್ಲಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾ ದೇಶದ ಮಹಿಳೆಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಒಂದು ಅಡುಗೆಯ ಮನೆಯನ್ನು ಯೋಜಿಸಿದಳು. ಅದು ಸುಮಾರು ೧೧ ಅಡಿ ಉದ್ದ, ೬ ಅಡಿ ಅಗಲದ ಸಣ್ಣ ಕೊಠಡಿ. ಅದರಲ್ಲಿ ಕೆಲಸದ ಹಲಗೆಯು ಕಿಟಕಿಯ ಕೆಳಗೇ ಇತ್ತು. ಕುಳಿತು ತರಕಾರಿ ಹೆಚ್ಚುವುದಕ್ಕೆ ಒಂದು ಪೀಠವಿತ್ತು. ದಿನಸಿಯ ಡಬ್ಬಗಳು ಕೈಗೆಟಕುವಂತಿದ್ದುವು. ದೀಪವನ್ನು ಬೇಕಾದ ಕಡೆಗೆ ಸರಿಸಬಹುದಾಗಿತ್ತು. ಅಡುಗೆ ಮಾಡುವವಳು ಎಷ್ಟು ಹೆಜ್ಜೆ ನಡೆಯುವಳು, ಎಷ್ಟು ಬಾರಿ ಬಗ್ಗುವಳು ಎಂಬುದನ್ನು ಎಣಿಸಿ ಮಾಡಿದ ಯೋಜನೆಯದು. ಆ ನಗರದಲ್ಲಿ ಸುಮಾರು ೧೦,೦೦೦ ಮನೆಗಳಿಗೆ ಇಂತಹ ಅಡುಗೆಯ ಮನೆಗಳನ್ನು ಕೂಡಿಸಿದರು. ಅದನ್ನು ಹಾಗೆಯೇ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ; ನಮ್ಮ ರುಬ್ಬುವ ಕೆಲಸ, ನಮ್ಮ ಒಗ್ಗರಣೆ, ಇಬ್ಬರು ಮೂವರು ಕೂಡಿ ಕೆಲಸ ಮಾಡುವ ನಮ್ಮ ವಾಡಿಕೆ ಇವುಗಳಿಗೆ ಅದು ಇಕ್ಕಟ್ಟಾಗಬಹುದು. ಆದರೆ ಆ ಲೆಕ್ಕವನ್ನು ನಾವೂ ಮಾಡಬಹುದು. ಉಪ್ಪು, ಸಾಸುವೆ, ಎಣ್ಣೆ, ಇಕ್ಕಳಗಳು ಒಲೆಯಿಂದ ಒಂದು ಕೈಯಳತೆಯಲ್ಲಿರಲಿ. ಅಡುಗೆಯ ಕಟ್ಟೆಯು ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಲಿ. ಅದಕ್ಕಿಂತ ತಗ್ಗಾದರೆ ಬೆನ್ನು ನೋಯುವುದು, ಎತ್ತರವಾದರೆ ಹೆಗಲು. ದೀಪವು ನಿಂತವರ ಬೆನ್ನ ಹಿಂದಿದ್ದರೆ ಅವರ ನೆರಳೇ ಹೆಚ್ಚುವ ಮಣೆಯ ಮೇಲೆ ಬೀಳುವುದು. ಅದನ್ನು ಕಟ್ಟೆಯ ಮೇಲ್ಗಡೆ ಮುಂದಕ್ಕೆ ತರಿಸಿರಿ.

ಹೊಗೆಯ ವಿಷಯವಂತೂ ಅಂದಚೆಂದದ ಮಾತಲ್ಲ, ಜೀವದ ಮಾತು. ಸೌದೆ, ಬೆರಣಿ ಮೊದಲಾದುವುಗಳಿಂದ ಮನೆಯೊಳಗೆ ತುಂಬುವ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಈಗಲೂ ಸೌದೆಯ ಒಲೆಯನ್ನು ಉರಿಸುವವರು ಹಜಾರಕ್ಕೆ ಒಂದು ಪರದೆಯನ್ನು ಕೊಳ್ಳುವುದಕ್ಕೆ ಮೊದಲು ಅಡುಗೆಯ ಮನೆಗೆ ಒಂದು ಹೊಗೆಗೂಡನ್ನು ಕಟ್ಟಿಸತಕ್ಕದ್ದು. ಗ್ಯಾಸಿನ ಒಲೆಯುಳ್ಳವರೂ ಎದುರುಬದುರಾಗಿ ಗಾಳಿಯಾಡುವಂತೆ ಕಿಟಕಿಯನ್ನು ತೆರೆದಿಡಬೇಕು. ಕಿಟಕಿಯ ಮುಂದೆ ಡಬ್ಬಗಳನ್ನು ಪೇರಿಸಬಾರದು. ಇಷ್ಟಾದ ಮೇಲೆ ಆ ಕಿಟಕಿಯಲ್ಲಿ ಒಂದು ಕುಂಡ ದೊಡ್ಡಪತ್ರೆಯನ್ನೋ ಕೊತ್ತಂಬರಿಯನ್ನೋ ಬೆಳೆಸಿದರೆ ಅಲಂಕಾರವೂ ಆಯಿತು, ಚಟ್ನಿಯೂ ಆಯಿತು.

ಮಕ್ಕಳ ಮೂಲೆ

ಎಲ್ಲರಿಗೂ ಮಕ್ಕಳಿಗೆಂದು ಬೇರೆ ಕೊಠಡಿಯನ್ನು ಕೊಡುವ ಅನುಕೂಲವಿರುವುದಿಲ್ಲ. ಆದರೆ ಒಂದು ಮೂಲೆಯನ್ನಾದರೂ ಕೊಡಬಹುದು. ಅಲ್ಲಿಯ ಗೂಡು, ಹಲಗೆ, ಮೊಳೆಗಳೆಲ್ಲ ಮಗುವಿನ ಎತ್ತರಕ್ಕೆ ಇರಬೇಕು. ತನ್ನ ಅಂಗಿಯನ್ನು ತಾನೇ ತೂಗಹಾಕುವಂತಿದ್ದರೆ ಮಗುವು ಅಚ್ಚುಕಟ್ಟನ್ನು ಹೇಳಿಸಿಕೊಳ್ಳದೆಯೇ ಕಲಿಯುವುದು.

ಬಣ್ಣವನ್ನು ಕೊಳ್ಳುವಾಗ ಇಲ್ಲಿ ವಿಶೇಷ ಎಚ್ಚರಿಕೆ ಬೇಕು. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಕರ. ಗೃಹೋಪಯೋಗದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ೨೦೧೬ರಲ್ಲಿ ಭಾರತ ಸರ್ಕಾರವು ನಿಯಮ ಮಾಡಿ, ೨೦೧೭ರ ನವೆಂಬರಿನಿಂದ ಜಾರಿಗೆ ತಂದಿತು. ಡಬ್ಬಿಯ ಮೇಲೆ ಇದನ್ನು ಓದಿ ನೋಡಿಯೇ ಕೊಳ್ಳಿರಿ. ಹಳೆಯ ಬಾಗಿಲು ಕಿಟಕಿಗಳ ಬಣ್ಣವು ಚಕ್ಕೆಚಕ್ಕೆಯಾಗಿ ಉದುರುತ್ತಿದ್ದರೆ, ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ನೀರಿನಿಂದ ತೋಯಿಸಿ, ಮಕ್ಕಳನ್ನು ದೂರವಿಟ್ಟು ತೆಗೆಯಿಸಬೇಕು. ಆಟದ ಸಾಮಾನಿಗೆ ಚನ್ನಪಟ್ಟಣದ ಗೊಂಬೆಗಳಿವೆ. ಹಾಲೆಯ ಮರವನ್ನು ಕಡೆದು, ಅರಗಿನ ಬಣ್ಣವನ್ನು ತಿರುಗುವ ಶಾಖದಲ್ಲಿಯೇ ಹತ್ತಿಸಿ, ಕೇದಗೆಯ ಗರಿಯಿಂದ ಮೆರುಗು ಕೊಟ್ಟ ಆ ಗೊಂಬೆಗಳು ಒಂದು ಹಲಗೆಯ ಮೇಲೆ ಸಾಲಾಗಿ ನಿಂತರೆ ಅವೇ ಆ ಮೂಲೆಯ ಶೃಂಗಾರ.

ಇನ್ನೊಂದು ಮಾತು. ಮಕ್ಕಳಿಗೆ ಗೋಡೆಯ ಒಂದು ಭಾಗವನ್ನು ಬರೆಯುವುದಕ್ಕೆಂದೇ ಬಿಟ್ಟುಕೊಡಿರಿ. ಮಲೆನಾಡಿನ ದೀವರ ಹೆಂಗಸರು ಅಕ್ಕಿಯ ಹಿಟ್ಟು, ಕೆಮ್ಮಣ್ಣು, ಹುರಿದು ಕರಿಕಾದ ಅಕ್ಕಿ ಇವುಗಳಿಂದ ಬಣ್ಣಗಳನ್ನು ಮಾಡಿಕೊಂಡು, ಪುಂಡಿಯ ನಾರಿನ ಕುಂಚದಿಂದ ತಮ್ಮ ಮನೆಯ ಗೋಡೆಗಳ ಮೇಲೆ ಬರೆಯುವ ಚಿತ್ತಾರವನ್ನು ನೋಡಿದವರು, ಮನೆಯವರ ಕೈಯಿಂದಲೇ ಆದ ಅಲಂಕಾರವು ಎಷ್ಟು ಸೊಗಸಾಗಿರಬಲ್ಲುದೆಂಬುದನ್ನು ಬಲ್ಲರು. ಹಸೆಯ ಗೋಡೆಯ ಮುಂದೆ ಮದುವೆಯ ಮಕ್ಕಳನ್ನು ಕೂರಿಸುವ ಆ ಜನರಿಗೆ ಗೋಡೆಯು ಬರಿಯ ಮರೆಯಲ್ಲ, ಮನೆಯ ಶುಭಕಾರ್ಯದಲ್ಲಿ ಪಾಲುಗೊಳ್ಳುವಂತಹದು.

ಹಿರಿಯರ ಕೊಠಡಿ

ಈ ಭಾಗವನ್ನು ಬರೆಯುವಾಗ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಎರಡು ವರ್ಷಗಳ ಹಿಂದೆ ನಾವೂ ಹಬ್ಬದ ಮುಂಚೆ ಮನೆಗೆ ಬಣ್ಣ ಬಳಿಸಿದೆವು. ಹಣವಿದ್ದಷ್ಟೂ ಹಜಾರಕ್ಕೆ ಹೋಯಿತು. ಹಜಾರದಲ್ಲಿದ್ದ ಬೇಡದ ಸಾಮಾನುಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ, ನಮ್ಮ ತಾಯಿಯವರ ಕೊಠಡಿಯು ನೆನಪಾಯಿತು. ಹಳೆಯ ಟ್ರಂಕು, ಸುತ್ತಿದ ಹಾಸಿಗೆಗಳು, ಕಾಲು ಮುರಿದ ಕುರ್ಚಿ ಎಲ್ಲವೂ ಅಲ್ಲಿಗೆ ಸೇರಿದುವು. ಅವರು ಬೇಡವೆನ್ನಲಿಲ್ಲ, ಬೇಡವೆನ್ನುವ ಸ್ವಭಾವವೇ ಅವರದಲ್ಲ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವರು ಕತ್ತಲೆಯಲ್ಲಿ ಟ್ರಂಕಿಗೆ ಎಡವಿ ಬಿದ್ದು ಮುಂಗೈಯ ಮೂಳೆಯನ್ನು ಮುರಿದುಕೊಂಡರು. ಆಸ್ಪತ್ರೆಯಿಂದ ಕರೆತಂದು ಹಜಾರದ ಹೊಸ ಸೋಫಾದ ಮೇಲೆ ಕೂರಿಸಿದಾಗ, ಸುತ್ತಲೂ ಒಮ್ಮೆ ನೋಡಿ, "ಹಜಾರ ಬಲು ಚೆನ್ನಾಗಿದೆ ಮಗು. ಇಲ್ಲಿ ಕೂತ್ಕೋಬೇಕಾದ್ರೆ ಈ ಮನೆಗೆ ನೆಂಟರಾಗಿ ಬರ್ಬೇಕು, ಅಷ್ಟೆ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನಮಗೆ ಹೆಚ್ಚು ನಾಟಿತು.

ಮರುದಿನವೇ ಟ್ರಂಕು ಹೊರಗೆ ಬಂದಿತು. ಅನಂತರ ನಾವು ಓದಿ ಕೇಳಿ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇವೆ. ಅರುವತ್ತು ವರ್ಷದವರ ಕಣ್ಣಿನ ಒಳಪರದೆಗೆ, ಇಪ್ಪತ್ತು ವರ್ಷದವರಿಗೆ ಸೇರುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಸೇರುವುದು. ನಮಗೆ ಸಾಕೆನಿಸುವ ದೀಪವು ಅವರಿಗೆ ಮುಸ್ಸಂಜೆಯಂತೆ ಇರುವುದು. ಆದುದರಿಂದ ಮನೆಯ ಅತಿ ಹೆಚ್ಚಿನ ಬೆಳಕು ಅವರ ಕೊಠಡಿಯಲ್ಲಿರಬೇಕು. ಮಲಗಿದಲ್ಲಿಂದಲೇ ಕೈಗೆ ಸಿಕ್ಕುವಂತೆ ದೀಪದ ಗುಂಡಿಯನ್ನು ಹಾಕಿಸಿರಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪವಿರಲಿ. ನಮ್ಮ ಹಳೆಯ ಮನೆಗಳ ಕೆಂಪು ಗಾರೆಯ ನೆಲವು ತುಳಿದಷ್ಟೂ ನುಣುಪಾಗಿ ಕನ್ನಡಿಯಂತಾಗುವುದು. ನೋಡುವುದಕ್ಕೆ ಅದಕ್ಕಿಂತ ಚೆಲುವಾದ ನೆಲವಿಲ್ಲ, ಆದರೆ ಒದ್ದೆಯಾದಾಗ ಅದು ಜಾರುವುದು. ಈಗಿನ ಹೊಳಪಿನ ಟೈಲುಗಳೂ ಹಾಗೆಯೇ. ಬಚ್ಚಲಿನ ಬಾಗಿಲಲ್ಲಿ ಒರಟಾದ ಹಾಸನ್ನೂ ಗೋಡೆಯಲ್ಲಿ ಹಿಡಿಯಲು ಒಂದು ಗಟ್ಟಿಯಾದ ಹಿಡಿಯನ್ನೂ ಇರಿಸಿರಿ. ಮಡಿಚಿಕೊಳ್ಳುವ ಸಣ್ಣ ಚಾಪೆ, ಅಡ್ಡಬರುವ ತಂತಿ ಇವು ಅಲ್ಲಿ ಇರಲೇಕೂಡದು. ಅಪಘಾತದ ಮರಣಗಳಲ್ಲಿ ರಸ್ತೆಯ ಅಪಘಾತಗಳ ತರುವಾಯ ಬೀಳುವುದರಿಂದ ಆಗುವುವೇ ಹೆಚ್ಚೆಂದೂ, ಅವುಗಳಿಗೆ ಗುರಿಯಾಗುವವರಲ್ಲಿ ಅರುವತ್ತನ್ನು ದಾಟಿದವರೇ ಬಹುಮಂದಿಯೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಇಷ್ಟರಿಂದಲೇ ಕೊಠಡಿಯು ಆಸ್ಪತ್ರೆಯಂತಾಗಬೇಕಾದುದಿಲ್ಲ. ಕೈಯೂರಿ ಏಳುವುದಕ್ಕೆ ತೋಳುಗಳುಳ್ಳ ಒಂದು ಕುರ್ಚಿಯನ್ನು ಬೀದಿ ಕಾಣುವ ಕಿಟಕಿಯ ಬಳಿ ಹಾಕಿಸಿರಿ. ಹೋಗಿಬರುವವರನ್ನು ನೋಡುತ್ತ ಕೂರುವುದು ಮುದುಕರಿಗೆ ದೊಡ್ಡ ಸಂಗಾತ. ಅವರ ತವರಿನ ಚಿತ್ರ, ಮದುವೆಯ ಚಿತ್ರ, ಮೊಮ್ಮಕ್ಕಳ ಚಿತ್ರ ಇವುಗಳು ಅವರು ಮಲಗಿದಲ್ಲಿಂದ ಕಾಣುವಂತಿರಲಿ. ಅವರು ಬಹುಕಾಲದಿಂದ ಬಳಸಿದ ಕಂಚಿನ ಚೊಂಬನ್ನೋ ಮರದ ಪೆಟ್ಟಿಗೆಯನ್ನೋ, ಹಳೆಯದಾಯಿತೆಂದು ಅವರನ್ನು ಕೇಳದೆ ತೆಗೆದುಹಾಕಬೇಡಿರಿ. ನಮ್ಮ ತಾಯಿಯವರ ಕೊಠಡಿಗೆ ಬಿಳಿಯ ಬಣ್ಣ, ಎರಡು ದೀಪ, ಒಂದು ಕುರ್ಚಿ, ಒಂದು ಹಿಡಿ ಇಷ್ಟಕ್ಕೆ ತಗುಲಿದ ವೆಚ್ಚವು ಹಜಾರದ ಪರದೆಗಳಿಗೆ ನಾವು ಕೊಟ್ಟುದಕ್ಕಿಂತ ಕಡಮೆಯಾಗಿತ್ತು.

ಎಲ್ಲಿಂದ ಆರಂಭಿಸಬೇಕು?

ಈಗ ಸೋದರಿಯವರ ಪ್ರಶ್ನೆಗೆ ನಮ್ಮ ಉತ್ತರವು ಇದು. ಬಣ್ಣದ ಅಂಗಡಿಗೆ ಹೋಗುವುದಕ್ಕೆ ಮೊದಲು ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿರಿ. ಯಜಮಾನರೂ ಯಜಮಾನಿಯೂ ಕೂಡಿ ಮನೆಯ ಒಂದೊಂದು ಕೊಠಡಿಯಲ್ಲಿಯೂ ಹತ್ತು ನಿಮಿಷ ಕುಳಿತು ನೋಡಿರಿ. ನಿಮ್ಮ ಜಾಗದಲ್ಲಲ್ಲ, ಅಲ್ಲಿ ದಿನವೂ ಇರುವವರ ಜಾಗದಲ್ಲಿ. ಅಡುಗೆಯ ಕಟ್ಟೆಯ ಮುಂದೆ ನಿಲ್ಲಿರಿ, ಮಗುವಿನ ಹಲಗೆಯ ಮುಂದೆ ನೆಲದ ಮೇಲೆ ಕೂರಿರಿ, ಅಜ್ಜಿಯ ಹಾಸಿಗೆಯ ಮೇಲೆ ಮಲಗಿ ದೀಪದ ಗುಂಡಿಗೆ ಕೈಚಾಚಿ ನೋಡಿರಿ. ಕತ್ತಲೆ, ಹೊಗೆ, ಇಕ್ಕಟ್ಟು, ಜಾರುವ ನೆಲ ಎಂದು ಕಂಡುದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿಯ ಕ್ರಮದಲ್ಲಿಯೇ ಹಣವನ್ನು ಹಂಚಿರಿ. ಹಜಾರದ ಸರದಿಯು ಕೊನೆಯಲ್ಲಿ ಬಂದರೆ ಬರಲಿ. ಬಂದ ನೆಂಟರಿಗೆ ಒಂದು ಲೋಟ ಕಾಫಿ, ಕೂರಲು ಒಂದು ಜಮಖಾನ, ನಗುವ ಮುಖಗಳು ಇದ್ದರೆ ಅವರು ಗೋಡೆಯ ಬಣ್ಣವನ್ನು ನೋಡುವುದಿಲ್ಲ.

ಹೀಗೆ ಮಾಡಿ ನೋಡಿದ ಗೃಹಿಣಿಯರು ತಮ್ಮ ಮನೆಯಲ್ಲಿ ಕಂಡುಕೊಂಡ ಉಪಾಯಗಳನ್ನು ನಮಗೆ ಬರೆದು ತಿಳಿಸಿದರೆ, ಅವುಗಳಲ್ಲಿ ಇತರರಿಗೂ ಉಪಯುಕ್ತವಾದುವನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು. ಬಚ್ಚಲು ಮನೆ ಮತ್ತು ಹಿತ್ತಿಲುಗಳ ವಿಚಾರವನ್ನು ಅದೇ ಸಂದರ್ಭದಲ್ಲಿ ಎತ್ತಿಕೊಳ್ಳುವೆವು.